ವಿಭೂತಿ ಗಟ್ಟಿಯ ಮಂಜಿನ ಮನೆ

ನಮ್ಮ ಮನೆಗೆ ಬಂದ ಹೆಂಗಸರು ದೇವರ ಗೂಡಿನ ಮುಂದೆ ನಿಂತು ಒಂದು ಮಾತು ಕೇಳಿಯೇ ಕೇಳುತ್ತಾರೆ. "ಅಲ್ಲ ಕಣಕ್ಕ, ಲಿಂಗ ಕಟ್ಕೊಂಡ ಮನೇಲಿ ಒಂದ್ ಈಬೂತಿ ಗಟ್ಟಿ ಇಲ್ವಲ್ಲ, ಇದ್ಯಾಕೆ?" ಗೂಡಿನಲ್ಲಿ ಒಂದು ಗಾಜಿನ ಸೀಸೆಯಿದೆ, ಅದರಲ್ಲಿ ವಿಭೂತಿಯ ಪುಡಿಯಿದೆ. ಹಣೆಗೂ ಅದೇ, ಪೂಜೆಗೂ ಅದೇ. ಗಟ್ಟಿಯನ್ನು ನಾನು ಮನೆಯೊಳಕ್ಕೆ ತರುವುದಿಲ್ಲ. ಕೇಳಿದವರಿಗೆ, "ಗಟ್ಟಿ ಉಜ್ಜಾಕೆ ಬೆರಳಲ್ಲಿ ಕಸುವಿಲ್ಲ ಕಣವ್ವ" ಎನ್ನುತ್ತೇನೆ. ಅದು ಸುಳ್ಳು. ಈ ಬೆರಳಲ್ಲಿ ಇವತ್ತಿಗೂ ಕೊಬ್ಬರಿ ಮುರಿಯುತ್ತೇನೆ.

ನಿಜವಾದ ಕಾರಣ ಭೂಮಿಯ ಉತ್ತರದ ತುದಿಯಲ್ಲಿದೆ. ನಗಬೇಡಿ, ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಸ್ಸಿನ ಬೋರ್ಡು, ಮದುವೆ ಕಾಗದ, ಔಷಧದ ಚೀಟಿಯ ಮೇಲಿನ ಹೆಸರು, ಇಷ್ಟು ಓದುತ್ತೇನೆ. ದೆಹಲಿ ಎತ್ತ ಇದೆ ಎಂದರೆ ಕೈ ತೋರಿಸಲು ತಡವರಿಸುತ್ತೇನೆ. ಆದರೆ ಮಂಜಿನ ನಾಡಿನ ಜನ ಮನೆಗೆ ಬಾಗಿಲನ್ನು ಯಾಕೆ ತಗ್ಗಿನಲ್ಲಿ ಇಡುತ್ತಾರೆ ಎಂದು ಕೇಳಿ, ಹೇಳುತ್ತೇನೆ. ಮೊನ್ನೆ ಕಿರಿಯ ಮೊಮ್ಮಗಳು ಒಂದು ಬಣ್ಣದ ಪುಸ್ತಕ ತಂದಿದ್ದಳು. ಅದರಲ್ಲಿ ಬಿಳಿ ಕರಡಿಯ ಪಕ್ಕ ಕರಿ ಕೋಟು ಹಾಕಿದಂಥ ಹಕ್ಕಿಯೊಂದು ನಿಂತಿತ್ತು. "ಈ ಹಕ್ಕಿ ಅಲ್ಲಿಲ್ಲ ಕಣಮ್ಮಿ. ಇದು ಕೆಳಗಿನ ತುದೀದು, ಕರಡಿ ಮೇಲಿನ ತುದೀದು. ಇವೆರಡೂ ಒಂದರ ಮುಖ ಒಂದು ನೋಡಿಲ್ಲ" ಎಂದೆ. ಹುಡುಗಿ ಫೋನಿನಲ್ಲಿ ಹುಡುಕಿ ನೋಡಿ ಬಾಯಿ ಬಿಟ್ಟುಕೊಂಡಳು. "ಅಜ್ಜಿ, ನಿಂಗೆ ಹೇಗೆ ಗೊತ್ತು?" ಮೇಷ್ಟ್ರು ಹೇಳಿದ್ದರು ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಮಿಕ್ಕದ್ದು ಮೊಮ್ಮಗಳ ಮುಖ ನೋಡಿಕೊಂಡು ಹೇಳುವಂಥದ್ದಲ್ಲ. ಕಾಗದಕ್ಕೆ ಮುಖವಿಲ್ಲ, ಅದಕ್ಕೆ ಅಕ್ಷರ ಕೂಡಿಸಿಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ನಂಜನಗೂಡಿನಿಂದಾಚೆ ಇರುವ ಬೇಗೂರಿನಿಂದ ಮೂರು ಮೈಲಿ ಒಳಗಿತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಸ್ಕೂಲು ಎಂದರೆ ಊರ ಚಾವಡಿ. ನಾಲ್ಕು ಕ್ಲಾಸಿಗೆ ಒಬ್ಬರೇ ಮೇಷ್ಟ್ರು. ಮೈಸೂರಿನ ಕಡೆಯವರು, ಸಣಕಲು ಮನುಷ್ಯ, ಕೊಡೆ ಇಲ್ಲದೆ ಹೊರಗೆ ಹೊರಟವರಲ್ಲ. ಬಿಸಿಲಿಗೂ ಕೊಡೆ, ಮಳೆಗೂ ಕೊಡೆ, ನಾಯಿ ಬಂದರೂ ಕೊಡೆ. ಅವರ ಅಣ್ಣ ಸಾಮಾನಿನ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ. ಆ ಹಡಗು ಉತ್ತರದ ಸಮುದ್ರದ ತನಕ ಹೋಗಿಬರುತ್ತಿತ್ತು. ಅಣ್ಣ ಬರೆದ ಕಾಗದಗಳನ್ನು ಮೇಷ್ಟ್ರು ಕ್ಲಾಸಿನಲ್ಲಿ ಓದುತ್ತಿದ್ದರು. ಮಗ್ಗಿ ಬಾರದಿದ್ದರೆ ಹೊಡೆಯುತ್ತಿದ್ದರು, ಕಾಗದ ಓದುವಾಗ ಮಾತ್ರ ಅವರ ದನಿಯೇ ಬೇರೆ. ಹೀಗಾಗಿ ಊಟಿಯನ್ನು ಕಾಣದ, ನಂಜನಗೂಡನ್ನು ಒಂದೋ ಎರಡೋ ಸಲ ಕಂಡ ನಾವು ಹದಿನೆಂಟು ಮಕ್ಕಳು ಉತ್ತರ ಧ್ರುವವನ್ನು ನಮ್ಮ ಹಿತ್ತಲಿನಷ್ಟು ಚೆನ್ನಾಗಿ ತಿಳಿದುಕೊಂಡೆವು.

ಆಗ ಅವರನ್ನು ಎಸ್ಕಿಮೊ ಎನ್ನುತ್ತಿದ್ದರು. ಈಗ ಹಾಗೆ ಅನ್ನಬಾರದಂತೆ. ಅದು ಬೇರೆಯವರು ಇಟ್ಟ ಹೆಸರಂತೆ. ಅವರು ತಮ್ಮನ್ನು ತಾವು ಇನ್ಯುಯಿಟ್ ಎಂದುಕೊಳ್ಳುತ್ತಾರಂತೆ, ಹಾಗೆಂದರೆ ಮನುಷ್ಯರು ಎಂದು ಅರ್ಥವಂತೆ. ಮೊಮ್ಮಗಳು ಹೇಳಿದ್ದು. ಸರಿ, ಕಲಿತುಕೊಂಡೆ.

ಒಂದು ದಿನ ಮೇಷ್ಟ್ರು ಬಾಗಿಲು ಕಿಟಕಿ ಮುಚ್ಚಿಸಿ, ಲಾಟೀನು ಹಚ್ಚಿ, ತೆಂಗಿನಕಾಯಿಯನ್ನು ಓರೆಯಾಗಿ ಹಿಡಿದು ಲಾಟೀನಿನ ಸುತ್ತ ಸುತ್ತಿದರು. ಜುಟ್ಟಿರುವ ಕಡೆ ಉತ್ತರ. ಕಾಯಿ ಲಾಟೀನಿನ ಈ ಪಕ್ಕ ಇದ್ದಾಗ ಎಷ್ಟು ತಿರುಗಿಸಿದರೂ ಜುಟ್ಟಿನ ಮೇಲೆ ಬೆಳಕು. ಆ ಪಕ್ಕಕ್ಕೆ ಹೋದಾಗ ಎಷ್ಟು ತಿರುಗಿಸಿದರೂ ಜುಟ್ಟಿಗೆ ಕತ್ತಲು. ತುದಿಯಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದರು. ನಾನು ಮನೆಗೆ ಓಡಿ ಅಜ್ಜಿಗೆ ಹೇಳಿದೆ. ಅಜ್ಜಿ ಕಾರ್ತೀಕ ಸೋಮವಾರ ಹೊತ್ತು ಮುಳುಗಿ ಚುಕ್ಕಿ ಕಾಣುವ ತನಕ ಬಾಯಿಗೆ ಒಂದು ಹನಿ ನೀರು ಹಾಕುವವಳಲ್ಲ.

"ಆರ್ ತಿಂಗ್ಳು ಹೊತ್ತೇ ಮುಳುಗಾಕಿಲ್ವ?" ಎಂದಳು. "ಅಂಗಾದ್ರೆ ಕಾರ್ತೀಕ ಸೋಮಾರ ಎಂಗಮ್ಮಿ ಮಾಡಾರು? ಒಟ್ಟೆ ಅಸ್ಕೊಂಡು ಸತ್ತೋಗಾಕಿಲ್ವ?"

ಮಾರನೆಯ ದಿನ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, ಬೆರಳು ಎಣಿಸಿ, ಕಾರ್ತೀಕದಲ್ಲಿ ಅಲ್ಲಿ ಸೂರ್ಯ ಆಗಲೇ ಮುಳುಗಿರುತ್ತಾನೆ, ಮತ್ತೆ ಕಾಣಿಸುವುದು ಯುಗಾದಿಯ ಹೊತ್ತಿಗೆ ಎಂದರು. ಅದನ್ನೂ ಅಜ್ಜಿಗೆ ಒಪ್ಪಿಸಿದೆ. "ಪುಣ್ಯವಂತ್ರು ಕಣಮ್ಮಿ, ಎದ್ದೇಟ್ಗೆ ಉಣ್ಬೋದು" ಎಂದಳು. ಅಂದಿನಿಂದ ಅಜ್ಜಿಗೆ ಆ ಜನರ ಮೇಲೆ ಒಂದು ಅಭಿಮಾನ ಬಂತು. ಸೋಮವಾರ ಬಂತೆಂದರೆ, "ನಿನ್ನ ಮಂಜ್ನೋರು ಉಂಡ್ರಾ?" ಎಂದು ಕೇಳುತ್ತಿದ್ದಳು.

ಅಲ್ಲಿ ಇನ್ನೊಂದು ಕಡೆಯ ಜನ ಜಿಂಕೆ ಸಾಕುತ್ತಾರೆ, ಹಾಲು ಕರೆಯುತ್ತಾರೆ ಎಂದು ಹೇಳಿದಾಗ ನಂಬದವನು ನಮ್ಮ ದೊಡ್ಡಪ್ಪ. ಮನೆಗೆ ಯಜಮಾನ, ಊರಿಗೆ ದೊಡ್ಡ ಮನುಷ್ಯ, ಸ್ಕೂಲಿಗೆ ಏನು ಬೇಕೆಂದರೂ ಅವನನ್ನೇ ಕೇಳಬೇಕು. ಅವನು ಬಂಡೀಪುರದ ಕಾಡಂಚಿನ ಹೊಲದಲ್ಲಿ ಕಾವಲು ಕೂತವನು. "ಕಡವೆ ಕೊಟ್ಗೇಲಿ ಕಟ್ಟಿ ಆಲು ಕರೆದಾರ? ಬುಡು ಬುಡು. ನಿಮ್ ಮೇಷ್ಟ್ರುಗೆ ಒಂದ್ ಕಡವೆ ಇಡ್ಕೊಟ್ಟೇನು, ಮೊದ್ಲು ಕೊಡೆ ಮಡ್ಗಿ ಕೆಚ್ಲಿಗೆ ಕೈ ಆಕ್ಲಿ" ಎಂದು ಜಗಲಿಯ ತುಂಬ ನಗಿಸಿದ.

ಈಗ ಮಾದಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ತೆಂಗಿನಕಾಯಿ, ಕಡವೆ ಎಂದು ಸುತ್ತಿಸಿದ್ದು ಅಲ್ಲಿಗೆ ಬರಲು ನನಗೆ ಮನಸ್ಸಿಲ್ಲದ್ದರಿಂದ.

ಮಾದಿಯ ಅಪ್ಪ ನಮ್ಮ ಹೊಲದಲ್ಲಿ ಆರು ಹೂಡಿ ಉಳುತ್ತಿದ್ದ. ಅವ್ವ ಬೆಳಿಗ್ಗೆ ಬಂದು ಕೊಟ್ಟಿಗೆ ಬಾಚುತ್ತಿದ್ದಳು. ಅವರ ಕೇರಿಯಿಂದ ಸ್ಕೂಲಿಗೆ ಬಂದ ಮೊದಲನೇ ಹೆಣ್ಣುಮಗು ಮಾದಿ. ಮೇಷ್ಟ್ರೇ ಕೊಡೆ ಹಿಡಿದು ನಾಲ್ಕು ಸಲ ಕೇರಿಗೆ ಹೋಗಿ, ಅವಳ ಅವ್ವನ ಕಾಲು ಹಿಡಿಯುವುದೊಂದು ಬಾಕಿ, ಕರೆದುಕೊಂಡು ಬಂದಿದ್ದರು. ಹಾಜರಿ ಪುಸ್ತಕದಲ್ಲಿ ಮಹದೇವಮ್ಮ ಎಂದು ಬರೆದರು. ಆ ಹೆಸರು ಕೂಗಿದರೆ ಅವಳಿಗೇ ತನ್ನದೆಂದು ತಿಳಿಯುತ್ತಿರಲಿಲ್ಲ. ಕೂರುತ್ತಿದ್ದದ್ದು ಬಾಗಿಲ ಹತ್ತಿರ, ಒಬ್ಬಳೇ. ಕೂರಿಸಿದವರು ಯಾರು ಎಂದು ಕೇಳಬೇಡಿ. ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮಂಜಿನ ನಾಡಿನ ಹೆಂಗಸರು ತೊಗಲನ್ನು ಹಲ್ಲಿನಲ್ಲಿ ಅಗಿದು ಮೆತ್ತಗೆ ಮಾಡಿ ಅಂಗಿ, ಜೋಡು ಹೊಲಿಯುತ್ತಾರೆ ಎಂದು ಮೇಷ್ಟ್ರು ಹೇಳಿದ ದಿನ ಕ್ಲಾಸಿನ ಕತ್ತುಗಳೆಲ್ಲ ಬಾಗಿಲ ಕಡೆ ತಿರುಗಿದವು. ಮಾದಿಯ ಕೇರಿಯಲ್ಲಿ ತೊಗಲಿನ ಕೆಲಸವೇ ಇರಲಿಲ್ಲ, ಎಲ್ಲರೂ ಹೊಲದ ಕೂಲಿಯವರು. ಆದರೂ ತಿರುಗಿದವು. ನನ್ನದೂ ತಿರುಗಿತು.

ಮಾದಿ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. "ಅಲ್ಲು ಸವೆದೋಗಾಕಿಲ್ವ ಸಾ?" ಎಂದು ಕೇಳಿದಳು.

"ಹೋಗ್ತದೆ. ಮುದುಕಿಯರ ಹಲ್ಲು ಒಸಡಿನ ತನಕ ಸವೆದಿರ್ತದಂತೆ."

"ಗಂಡಸ್ರು ಅಗಿಯಾಕಿಲ್ವ?"

ಅವಳ ಪ್ರಶ್ನೆಗಳೇ ಹಾಗೆ. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು, ಅವಳು ಬಾಯಿ ಬಿಟ್ಟು ಕೇಳುತ್ತಿದ್ದಳು.

ಮಂಜುಗಡ್ಡೆಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮೇಷ್ಟ್ರು ಒಂದು ಸೋಮವಾರ ಮೈಸೂರಿನಿಂದ ಬರುವಾಗ ಬಕೆಟ್ಟಿನಲ್ಲಿ ಮರದ ಹೊಟ್ಟು ತುಂಬಿ, ನಡುವೆ ಒಂದು ಗಡ್ಡೆ ಇಟ್ಟು, ಗೋಣಿ ಸುತ್ತಿ ಬಸ್ಸಿನಲ್ಲಿ ತಂದರು. ಬೇಗೂರಿನಲ್ಲಿ ಇಳಿದು ಮೂರು ಮೈಲಿ ಓಡಿಯೇ ಬಂದಿರಬೇಕು, ಅಂಗಿ ಮೈಗೆ ಅಂಟಿತ್ತು. ಊರು ಸೇರುವಾಗ ಉಳಿದಿದ್ದದ್ದು ಬೆಲ್ಲದ ಅಚ್ಚಿನಷ್ಟು. ಅದನ್ನೇ ಒಡೆದು ಹದಿನೆಂಟು ಚೂರು ಮಾಡಿ ಅಂಗೈಗೆ ಒಂದೊಂದು ಹಾಕಿದರು. ಸುಟ್ಟಿತು ಎಂದು ಕಿರುಚಿ ನಾನು ಬಿಸಾಡಿಬಿಟ್ಟೆ. ಮಾದಿ ಮಾತ್ರ ಮುಷ್ಟಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿ ಮುಗಿಯುವ ತನಕ ಕೂತಿದ್ದಳು. ಆಮೇಲೆ ಕೇಳಿದಳು.

"ಸಾ, ನನ್ ಕೈ ಬಿಸೀಗೇ ಕರ್ಗೋಯ್ತು. ಅವ್ರು ಮಂಜ್ನ ಮನೆ ಒಳ್ಗೆ ದೀಪ ಅಚ್ತಾರೆ ಅಂದ್ರಿ. ಮನೆ ಕರ್ಗಾಕಿಲ್ವ?"

ಮೇಷ್ಟ್ರು, "ನಂಗೊತ್ತಿಲ್ಲ ಮಹದೇವಮ್ಮ. ಅಣ್ಣನಿಗೆ ಬರೆದು ಕೇಳ್ತೀನಿ" ಎಂದರು. ಅವತ್ತೇ ಬರೆದರು, ನಮ್ಮ ಮುಂದೆಯೇ, ಅವಳ ಹೆಸರು ಹಾಕಿ. ಆ ಕಾಗದಕ್ಕೆ ಅವಳ ಹೆಸರು ಹೋಯಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹೊಟ್ಟೆ ಉರಿದದ್ದಕ್ಕೆ ಮುಂದಿನದನ್ನು ಮಾಡಿದೆ ಎಂದು ಹೇಳಿಕೊಂಡರೆ ಅದೂ ಒಂದು ನೆಪ. ಹೆದರಿಕೆಗೆ ಮಾಡಿದೆ.

ಇನ್‌ಸ್ಪೆಕ್ಟರು ಸ್ಕೂಲು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಮೇಷ್ಟ್ರು ಇಬ್ಬಿಬ್ಬರನ್ನು ಜೊತೆ ಮಾಡಿ ಒಂದೊಂದು ನಾಡಿನ ಮನೆ ಕಟ್ಟಿ ತನ್ನಿ ಎಂದರು. ನನಗೂ ಮಾದಿಗೂ ಮಂಜಿನ ಮನೆ ಬಿತ್ತು. ಜೇಡಿಮಣ್ಣಿನಲ್ಲಿ ಸಣ್ಣ ಇಟ್ಟಿಗೆ ಮಾಡಿ ಒಣಗಿಸಿ ಸುಣ್ಣದಲ್ಲಿ ಅದ್ದೋಣ ಎಂದಳು ಮಾದಿ. ನಾಲ್ಕು ದಿನದ ಕೆಲಸ. ನನಗೆ ತಾಳ್ಮೆಯಿಲ್ಲ. ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ತುಂಬ ವಿಭೂತಿ ಗಟ್ಟಿ. ಅಜ್ಜಿ ವರ್ಷಕ್ಕೊಮ್ಮೆ ಮಠಕ್ಕೆ ನಡೆದು ಹೋಗಿ, ಸ್ವಾಮಿಗಳ ಕೈಯಿಂದ ಈಸಿಕೊಂಡು, ಮಡಿಬಟ್ಟೆಯಲ್ಲಿ ಕಟ್ಟಿ ತಂದದ್ದು. ಬಿಳಿ ಬಿಳಿ, ಚೌಕ ಚೌಕ, ನಮ್ಮ ಗೊಂಬೆ ಮನೆಗೆಂದೇ ಅಳೆದು ಕುಯ್ದಂತೆ ಇದ್ದವು. ಮಂಜಿನ ಇಟ್ಟಿಗೆ ಹೇಗಿರುತ್ತದೆ ಎಂದು ಮೇಷ್ಟ್ರು ಬರೆದು ತೋರಿಸಿದ್ದರಲ್ಲ, ಹಾಗೇ. ಲಂಗದ ಮಡಿಲು ತುಂಬ ತುಂಬಿಕೊಂಡು ಬಂದೆ.

ಚಾವಡಿಯ ಹಿಂದೆ ಹಲಗೆ ಇಟ್ಟುಕೊಂಡು ಕಾಯುತ್ತಿದ್ದ ಮಾದಿ ಅದನ್ನು ನೋಡಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇದು ನಿಮ್ ದೇವ್ರುದು. ಬ್ಯಾಡ ಕಣಮ್ಮಣ್ಣಿ."

ನನ್ನ ಹೆಸರು ಪುಟ್ಟಮ್ಮಣ್ಣಿ. ಅವರ ಕೇರಿಯವರು ನಮ್ಮ ಮನೆಯ ಹೆಣ್ಣುಮಕ್ಕಳನ್ನೆಲ್ಲ ಅಮ್ಮಣ್ಣಿ ಎಂದೇ ಕರೆಯಬೇಕಿತ್ತು.

"ಒಂದಿನ ತಾನೆ? ಸಾಯಂಕಾಲ ವಾಪಸ್ ಮಡ್ಗಿಬುಡ್ತಿನಿ, ಜೋಡ್ಸು" ಎಂದೆ.

"ನಾ ಮುಟ್ಟಾಕಿಲ್ಲ. ಗೊತ್ತಾದ್ರೆ ನಂಗೇ ಬಡಿತಾರೆ."

"ನಾನಿಲ್ವ?" ಎಂದೆ.

ಈ ಮಾತನ್ನು ನಾನು ಹೇಳಿದ್ದು ನಿಜ. ನಾನಿಲ್ವ. ಹತ್ತು ವರ್ಷದ ಹುಡುಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು.

ಮಾದಿ ಮುಟ್ಟಲಿಲ್ಲ. ದೂರ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟಳು, ನಾನು ಜೋಡಿಸಿದೆ. ಮೂರನೇ ಸಾಲಿಗೆ ಮನೆ ಕುಸಿಯಿತು. "ಒಂದ್ ಮಗ್ಗುಲು ಕಲ್ಲಿಗೆ ಉಜ್ಜು, ಓರೆ ಆಯ್ತದೆ. ಒಳೀಕೆ ಬಗ್ಗುಸ್ತಾ ಬಾ. ಒಂದುಕ್ಕೊಂದು ಒರಗ್ಲಿ" ಎಂದಳು. ಉಜ್ಜಿದೆ. ಬೂದಿ ಮೊಣಕೈ ತನಕ, ಲಂಗದ ತುಂಬ, ತಲೆಯಲ್ಲೂ. ಮನೆ ನಿಂತಿತು. ಗುಂಡಗೆ, ಬೆಳ್ಳಗೆ, ಮುಂದೆ ತೆವಳಿಕೊಂಡು ಹೋಗುವಂಥ ತಗ್ಗು ಬಾಗಿಲು. ಮಾದಿ ಆ ಹೊತ್ತಿಗೆ ಕೆಮ್ಮಣ್ಣಿನಲ್ಲಿ ಇಬ್ಬರು ಮನುಷ್ಯರನ್ನೂ ಒಂದು ನಾಯಿಯನ್ನೂ ಎರಡು ಮೀನನ್ನೂ ಮಾಡಿ ಮುಗಿಸಿದ್ದಳು. ಒಬ್ಬನ ಕೈಯಲ್ಲಿ ಮೀನು. ಸೌದೆ ಇಲ್ಲದ ನಾಡು, ಹಸಿಯದನ್ನೇ ತಿನ್ನುತ್ತಾರೆ ಎಂದು ಮೇಷ್ಟ್ರು ಹೇಳಿದ್ದರು. ಅದು ಹಸಿ ಎಂದು ಕಾಣಲಿ ಅಂತ ನಾನೇ ಮೀನಿನ ಬಾಯಿಗೆ ಕುಂಕುಮ ಹಚ್ಚಿದೆ. ಅದೂ ದೇವರ ಕೋಣೆಯದೇ.

ಇನ್‌ಸ್ಪೆಕ್ಟರು ಎಲ್ಲವನ್ನೂ ಬಿಟ್ಟು ನಮ್ಮ ಮನೆಯ ಮುಂದೆಯೇ ನಿಂತರು. ಸುಣ್ಣದ ಇಟ್ಟಿಗೆ ಬಹಳ ನಯವಾಗಿದೆ ಎಂದರು. ಮೇಷ್ಟ್ರೂ ಸುಣ್ಣವೆಂದೇ ತಿಳಿದಿದ್ದರು. ಇಬ್ಬರನ್ನೂ ಮುಂದೆ ಕರೆದು ನಿಲ್ಲಿಸಿದರು. ಮಾದಿ ಬಾಗಿಲಿನಿಂದ ಎದ್ದು ಚಾವಡಿಯ ನಡುಮಧ್ಯಕ್ಕೆ ಬಂದು ನಿಂತದ್ದು ಅದೊಂದೇ ಸಲ. ದೊಡ್ಡಪ್ಪ ಇನ್‌ಸ್ಪೆಕ್ಟರ ಪಕ್ಕದಲ್ಲಿದ್ದ. ಬಗ್ಗಿ ಮನೆಯನ್ನು ನೋಡಿದ. ಮೂಸಿದ. ತಗ್ಗು ಬಾಗಿಲಲ್ಲಿ ಒಳಗೆ ಇಣುಕಿದ. ಎದ್ದು ನಿಂತ. ಇನ್‌ಸ್ಪೆಕ್ಟರು ಕಾಫಿ ಕುಡಿದು ಗಾಡಿ ಹತ್ತುವ ತನಕ ತುಟಿ ಬಿಚ್ಚಲಿಲ್ಲ.

ಆಮೇಲೆ ಒಳಗೆ ಬಂದು ಕೇಳಿದ. "ನಮ್ಮನೆ ಈಬೂತಿ ಇದು. ಅದ್ರೊಳ್ಗೆ ಅಸಿಮಾಂಸ ತಿನ್ನೋರ್ನ ಕೂರ್ಸವ್ರೆ. ತಂದೋರು ಯಾರು?"

ನಾನು ಬಾಯಿ ತೆರೆಯಲಿಲ್ಲ. ಬೆರಳೂ ಎತ್ತಲಿಲ್ಲ. ಕಣ್ಣು ತಿರುಗಿಸಿ ಮಾದಿಯ ಕಡೆ ನೋಡಿದೆ, ಅಷ್ಟೇ.

ಅಷ್ಟು ಸಾಕಾಯಿತು. ಚಾವಡಿಯ ತುಂಬ ಊರಿನ ಹಿರಿಯರಿದ್ದರು, ಎಲ್ಲರಿಗೂ ಅಷ್ಟೇ ಸಾಕಾಯಿತು. ನಮ್ಮ ಮನೆಯಲ್ಲಿ ಕೊಟ್ಟಿಗೆಗೂ ದೇವರ ಕೋಣೆಗೂ ನಡುವೆ ಮೂರು ಹೊಸ್ತಿಲು. ಮಾದಿಯಾಗಲಿ ಅವಳ ಅವ್ವನಾಗಲಿ ಮೊದಲನೇ ಹೊಸ್ತಿಲನ್ನೂ ದಾಟಿದವರಲ್ಲ, ದಾಟಲು ಬಿಟ್ಟವರೂ ಇಲ್ಲ. ಹಾಗಿದ್ದ ಮೇಲೆ ಅವಳು ಮೂರನೆಯದನ್ನು ದಾಟಿ ಪೆಟ್ಟಿಗೆ ತೆಗೆದದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಹೊಸ್ತಿಲು ಕಾಯುವುದರಲ್ಲಿ ಅಷ್ಟು ಗಟ್ಟಿಗರು ನಮ್ಮವರು, ಅವತ್ತು ಮಾತ್ರ ಹೊಸ್ತಿಲನ್ನೇ ಮರೆತರು.

ಮೇಷ್ಟ್ರು, "ಸ್ವಾಮಿ, ವಿಚಾರಿಸಿ ನೋಡೋಣ" ಎಂದರು.

"ನೀವು ಸುಮ್ನಿರಿ ಮೇಷ್ಟ್ರೆ" ಎಂದ ದೊಡ್ಡಪ್ಪ. "ಕೊಟ್ಗೆ ಬಾಚೋ ಕೈಗೆ ಪುಸ್ತ್ಕ ಕೊಟ್ರಿ. ಇವತ್ತು ದೇವ್ರ ಪೆಟ್ಗೆಗೆ ಬಂತು. ನಾಳೀಕೆ?"

ಮಾದಿಯ ಅವ್ವನನ್ನು ಕರೆಸಿದರು. ಅವಳು ಬಂದು ಚಾವಡಿಯ ಕೆಳಗೆ ನಿಂತು ಮಗಳ ಕೈಯನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. "ತೆಪ್ಪಾಯ್ತು ಬುದ್ದಿ" ಎಂದಳು. ಮಗಳ ಬೆನ್ನಿಗೆ ಎರಡು ಗುದ್ದಿ ಎಳೆದುಕೊಂಡು ಹೋದಳು. ಮಾದಿ ಅಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ಹೇಳಿಬಿಡುತ್ತಿದ್ದೆನೇ? ಇಲ್ಲ. ಸುಳ್ಳು ಯಾಕೆ ಬರೆಯಲಿ.

ಗಟ್ಟಿಗಳನ್ನೆಲ್ಲ ಮಂಕರಿಯಲ್ಲಿ ತುಂಬಿ ಕೆರೆಗೆ ಬಿಟ್ಟು ಬಂದರು. ಮಣ್ಣಿನ ಮನುಷ್ಯರನ್ನೂ ನಾಯಿಯನ್ನೂ ಜೊತೆಗೇ. ಅಜ್ಜಿ ನನ್ನನ್ನು ಬಚ್ಚಲಿಗೆ ಕರೆದು ತಾನೇ ಲಂಗ ಬಿಚ್ಚಿ, ತಾನೇ ಒಗೆದಳು. ಯಾವತ್ತೂ ಒಗೆದವಳಲ್ಲ. "ನಿನ್ನ ಮಂಜ್ನೋರ ಮಾತು ಇನ್ನು ನನ್ನೆದ್ರುಗೆ ಎತ್ಬೇಡ" ಎಂದಳು. ಹಸಿ ತಿನ್ನುವವರೆಂದು ಕೋಪವೆಂದುಕೊಂಡೆ.

ಮೇಷ್ಟ್ರು ಮತ್ತೆ ಕೇರಿಗೆ ಹೋದರು. ಮಾದಿಯ ಅವ್ವ, "ನೀವು ಟ್ರಾನ್ಸ್‌ಫರ್ ಆಗಿ ಒಂಟೋಯ್ತೀರಿ ಬುದ್ದಿ. ನಾವು ಇಲ್ಲೇ ಇರ್ಬೇಕು" ಎಂದಳಂತೆ. ವಾಪಸ್ಸು ಬಂದವರು ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು, "ನಿಜ ಹೇಳು ಪುಟ್ಟಮ್ಮಣ್ಣಿ, ಹೊಡೆಯೋದಿಲ್ಲ" ಎಂದರು. ನಾನು ನೆಲ ನೋಡಿಕೊಂಡು, "ನಂಗೊತ್ತಿಲ್ಲ ಸಾ" ಎಂದೆ. ಮಾದಿ ಮಾರನೆಯ ದಿನದಿಂದ ಅವ್ವನ ಜೊತೆ ನಮ್ಮ ಕೊಟ್ಟಿಗೆಗೆ ಬಂದಳು. ಮೂರನೇ ಕ್ಲಾಸು ಅರ್ಧಕ್ಕೆ ನಿಂತಿತು.

ಮೂರು ತಿಂಗಳ ಮೇಲೆ ಹಡಗಿನ ಅಣ್ಣನ ಕಾಗದ ಬಂತು. ಮೇಷ್ಟ್ರು ಓದಿದರು. ದೀಪ ಹಚ್ಚಿದರೆ ಮಂಜಿನ ಗೋಡೆ ಒಳಗಡೆ ಒಂದಿಷ್ಟು ಬೆವರುತ್ತದಂತೆ. ಹೊರಗಿನ ಚಳಿ ಆ ಬೆವರನ್ನು ಮತ್ತೆ ಹೆಪ್ಪುಗಟ್ಟಿಸುತ್ತದಂತೆ. ಹಾಗೆ ಬೆವತು, ಹೆಪ್ಪುಗಟ್ಟಿ, ಮನೆ ದಿನದಿನಕ್ಕೂ ಇನ್ನಷ್ಟು ಗಟ್ಟಿಯಾಗುತ್ತದಂತೆ. ಬಾಗಿಲು ತಗ್ಗಿನಲ್ಲಿ, ಮಲಗುವ ಜಗಲಿ ಎತ್ತರದಲ್ಲಿ, ಚಳಿ ತಗ್ಗಿನಲ್ಲೇ ಉಳಿಯುತ್ತದಂತೆ. ಕೊನೆಯಲ್ಲಿ, ಇದನ್ನು ಕೇಳಿದ ಮಹದೇವಮ್ಮ ಎಂಬ ಹುಡುಗಿ ಚೆನ್ನಾಗಿ ಓದಲಿ ಎಂದು ಬರೆದಿತ್ತು. ಮೇಷ್ಟ್ರು ಕಾಗದ ಮಡಿಸಿ, "ಅವಳು ದಿನಾ ನಿಮ್ಮನೆಗೆ ಬರ್ತಾಳಲ್ಲ, ಇದನ್ನು ಹೇಳು" ಎಂದು ನನಗೆ 'ಹೇಳು' ಅನ್ನುವುದನ್ನು ಒತ್ತಿ ಹೇಳಿದರು.

ಹೇಳಲಿಲ್ಲ. ದಿನಾ ಬೆಳಿಗ್ಗೆ ಮಾದಿ ಸಗಣಿ ಮಂಕರಿ ಹೊತ್ತು ತಿಪ್ಪೆಗೆ ಹೋಗುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಅದನ್ನು ಹೇಳಬೇಕಾದರೆ ಮೊದಲು ಅವಳನ್ನು ಮಾತಾಡಿಸಬೇಕಲ್ಲ. ಮಾತಾಡಿಸಿದರೆ ಮೊದಲು ಹೇಳಬೇಕಾದದ್ದು ಬೇರೆ ಇತ್ತಲ್ಲ. ಮುಂದಿನ ವರ್ಷ ಮೇಷ್ಟ್ರಿಗೆ ವರ್ಗವಾಯಿತು. ನಾನು ನಾಲ್ಕನೇ ಕ್ಲಾಸು ಪಾಸಾದೆ. ಹೆಣ್ಣುಮಕ್ಕಳನ್ನು ಬೇಗೂರಿನ ಸ್ಕೂಲಿಗೆ ಕಳಿಸುವ ಪದ್ಧತಿ ಇರಲಿಲ್ಲ. ಇಬ್ಬರಿಗೂ ಮದುವೆಯಾಯಿತು, ಅವಳಿಗೆ ಮೊದಲು.

ಐದಾರು ವರ್ಷದ ಕೆಳಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ನನಗೆ ಕಣ್ಣಿನ ಆಪರೇಷನ್ ಆಯಿತು. ಪೊರೆ ತೆಗೆಸಿಕೊಂಡ ಮುದುಕ ಮುದುಕಿಯರು ಬೆಂಚಿನ ಮೇಲೆ ಸಾಲಾಗಿ, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಗೂಬೆಗಳ ಹಾಗೆ ಕೂತಿದ್ದೆವು. ನರ್ಸು ಬಂದು ಎಲ್ಲರಿಗೂ ಔಷಧ ಬಿಟ್ಟಳು. ಎಲ್ಲರೂ ಕತ್ತೆತ್ತಿ ಬಿಡಿಸಿಕೊಂಡರು. ನನ್ನ ಪಕ್ಕದವಳು ಮಾತ್ರ ಕೇಳಿದಳು. "ತಣ್ಣಗದಲ್ಲ ಮಗ ಇದು, ಎಲ್ಲಿ ಮಡ್ಗಿದ್ದೆ? ಬಿಸೀಲಿ ಮಡ್ಗುದ್ರೆ ಕೆಟ್ಟೋದದ?"

ನೋಡಬೇಕಾಗಿಯೇ ಇರಲಿಲ್ಲ. "ಮಾದಿ" ಎಂದೆ.

ಅವಳು ಇದ್ದ ಒಂದು ಕಣ್ಣಿನಲ್ಲಿ ಬಹಳ ಹೊತ್ತು ನನ್ನನ್ನು ನೋಡಿದಳು. "ಅಮ್ಮಣ್ಣಿ" ಎಂದಳು. "ನಿಂಗೂ ಪೊರೆಯಾ? ಯಾವ್ ಕಣ್ಣು?"

ಎಡಗಣ್ಣು ಎಂದೆ. ಆಮೇಲೆ ನಿಲ್ಲಿಸಲಿಲ್ಲ. ಅರವತ್ತು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿದೆ. ವಿಭೂತಿ ತಂದವಳು ನಾನು, ನಿನ್ನ ಕಡೆ ನೋಡಿದವಳೂ ನಾನು ಎಂದೆ.

"ಗೊತ್ತು ಕಣಮ್ಮಣ್ಣಿ" ಎಂದಳು. "ಗೊತ್ತಿಲ್ದೆ ಏನು? ನನ್ ಕೈಲಿ ಕೆಮ್ಮಣ್ಣಿತ್ತು, ನಿನ್ ಕೈಲಿ ಬೂದಿ ಇತ್ತು. ನಮ್ಮವ್ವ ನೋಡುದ್ಳು. ನಿಮ್ ದೊಡ್ಡಪ್ಪ ನೋಡ್ದ. ನಿಮ್ಮಜ್ಜಿ ನಿನ್ ಲಂಗ ಒಗ್ದು ಇತ್ಲಲ್ಲಿ ಅರಡಿದ್ಲು, ಬಿಳಿ ನೀರು ಕೊಟ್ಗೆ ಕಾಲ್ವೆಗಂಟ ಅರ್ದು ಬಂತು. ಮಾರ್ನೆ ದಿನ ನಾನೇ ಬಾಚ್ದೆ."

"ಮತ್ತೆ ಬಾಯ್ ಬುಟ್ಟು ಏಳ್ಬೋದಾಗಿತ್ತಲ್ಲ ಮಾದಿ, ನಾನಲ್ಲ ಅಂತ?"

"ಯಾರ್ ಕೇಳುದ್ರು ನನ್ನ?"

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹಡಗಿನ ಕಾಗದದ ವಿಷಯ ಹೇಳಿದೆ. ನಿನ್ನ ಪ್ರಶ್ನೆಗೆ ಉತ್ತರ ಬಂದಿತ್ತು, ನಿನ್ನ ಹೆಸರಿಗೆ ಬಂದಿತ್ತು ಎಂದೆ. ಗೋಡೆ ಬೆವರುವುದು, ಹೆಪ್ಪುಗಟ್ಟುವುದು, ತಗ್ಗು ಬಾಗಿಲು, ಎತ್ತರದ ಜಗಲಿ, ಒಂದೂ ಬಿಡದೆ ಒಪ್ಪಿಸಿದೆ. ಅವಳು ಮುಷ್ಟಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಮುಷ್ಟಿ ಬಿಚ್ಚಿ ಕೇಳಿದಳು.

"ದೀಪುಕ್ಕೆ ಎಣ್ಣೆ ಎಲ್ಲಿಂದ ತತ್ತಾರೆ? ಗಿಡ ಇಲ್ಲ, ಮರ ಇಲ್ಲ ಅಂದಿದ್ರು ಮೇಷ್ಟ್ರು. ಉಚ್ಚೆಳ್ಳು ಬೆಳೆಯಾಕಿಲ್ಲ, ಅರಳು ಬೆಳೆಯಾಕಿಲ್ಲ."

ಗೊತ್ತಿಲ್ಲ ಎಂದೆ. ಆ ಕಾಗದ ಓದಿದ ದಿನ ಹದಿನೇಳು ಮಕ್ಕಳಿದ್ದೆವು ಚಾವಡಿಯಲ್ಲಿ, ಒಬ್ಬರಿಗೂ ಅದು ಹೊಳೆದಿರಲಿಲ್ಲ.

"ನಾಕ್ನೇ ಕ್ಲಾಸ್ ಪಾಸ್ ಮಾಡ್ದೋಳಲ್ವ ನೀನು?" ಎಂದು ಮಾದಿ ನಕ್ಕಳು. ಬಾಯಲ್ಲಿ ಎರಡೇ ಹಲ್ಲಿದ್ದವು. ಅಷ್ಟರಲ್ಲಿ ಅವಳ ಸೊಸೆಯೋ ಮಗಳೋ ಚೀಟಿ ಹಿಡಿದುಕೊಂಡು ಬಂದು ಬಸ್ಸಿಗೆ ಹೊತ್ತಾಯಿತು ಎಂದಳು. ಮಾದಿ ಅವಳ ಹೆಗಲು ಹಿಡಿದು ಎದ್ದು ಹೋದಳು.

ಮನೆಗೆ ಬಂದು ದೊಡ್ಡ ಮೊಮ್ಮಗಳ ಹತ್ತಿರ ಹುಡುಕಿಸಿದೆ. ಕಡಲಿನಲ್ಲಿ ಸೀಲ್ ಎಂಬ ಪ್ರಾಣಿಯಿದೆ, ಅದರ ಕೊಬ್ಬು ಕರಗಿಸಿದ ಎಣ್ಣೆ. ಕಲ್ಲಿನ ಹಣತೆ, ಪಾಚಿಯ ಬತ್ತಿ. ದೀಪವನ್ನು ನೋಡಿಕೊಳ್ಳುವವರು ಹೆಂಗಸರು. ಎಲ್ಲವನ್ನೂ ಎರಡು ಸಲ ಓದಿಸಿ ಬಾಯಿಪಾಠ ಮಾಡಿಕೊಂಡೆ. ಹೇಳೋಣವೆಂದರೆ ಮಾದಿ ಇರುವುದು ಯಾವ ಊರಿನಲ್ಲಿ ಎಂದು ನನಗೆ ಗೊತ್ತಿಲ್ಲ. ಅವಳ ತಮ್ಮಂದಿರು ವಯನಾಡಿನ ಕಾಫಿ ತೋಟಕ್ಕೆ ಹೋಗಿ ಅಲ್ಲೇ ನಿಂತು ಎಷ್ಟೋ ಕಾಲವಾಯಿತು, ಕೇರಿಯಲ್ಲಿ ಹೇಳುವವರಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಅವಳ ಪಕ್ಕ ಒಂದು ಗಂಟೆಗೆ ಮೇಲೇ ಕೂತಿದ್ದೆ. ನನ್ನ ತಪ್ಪು ಹೇಳಿಕೊಂಡೆ, ನನ್ನ ಗಂಟಲು ಹಗುರ ಮಾಡಿಕೊಂಡೆ, ಮಂಜಿನ ಮನೆ ಯಾಕೆ ಕರಗುವುದಿಲ್ಲ ಎಂದು ಪಾಠ ಹೇಳಿದೆ. ನಿನ್ನನ್ನು ಯಾವೂರಿಗೆ ಕೊಟ್ಟರು, ಮಕ್ಕಳೆಷ್ಟು, ಹೇಗಿದ್ದೀಯ ಮಾದಿ ಎಂದು ಕೇಳಲಿಲ್ಲ.